ಯುದ್ಧ ಮುಗಿಸಿ ಬಂದವರು ಕಟ್ಟಿದ ಸಂಸ್ಥೆ

ಮಲೆನಾಡಿನಲ್ಲಿ ವೀರಗಲ್ಲಿಗೆ ಬರವಿಲ್ಲ. ತೋಟದ ಅಗಳದ ಪಕ್ಕದಲ್ಲಿ, ಕೆರೆ ಏರಿಯ ಮೇಲೆ, ಜೀರ್ಣವಾದ ಗುಡಿಯ ಅಂಗಳದಲ್ಲಿ ಅವು ಸಿಗುತ್ತವೆ. ದನದ ಕೊಟ್ಟಿಗೆಯ ಮೆಟ್ಟಿಲಾಗಿ ಬಿದ್ದಿರುವುದೂ ಉಂಟು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಎದುರು ಕೈಮುಗಿದು ಕೂತ ಅದೇ ವೀರ. ಈ ಕಲ್ಲುಗಳೆಲ್ಲ ಕಾಳಗದಲ್ಲಿ ಮಡಿದವರವು. ಕಾದು ಗೆದ್ದು, ಗಾಯ ಮಾಯಿಸಿಕೊಂಡು ಮನೆಗೆ ಬಂದವನು, ಮುಂದಿನ ಮಳೆಗಾಲಕ್ಕೆ ಗದ್ದೆಯ ಅಂಚು ಕಡಿದವನು, ಮಗಳ ಮದುವೆಗೆ ಸಾಲ ಎತ್ತಿದವನು, ಊರ ಪಂಚಾಯಿತಿಯಲ್ಲಿ ಕೂತು ನ್ಯಾಯ ಹೇಳಿದವನು ಯಾವ ಕಲ್ಲಿನಲ್ಲೂ ಸಿಗುವುದಿಲ್ಲ.

ವ್ಯಾಪಾರ ಮಾಡಿದವರ ಅದೃಷ್ಟ ಬೇರೆ. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಅನಂತನಾಥ ಬಸದಿಯಿದೆ. 17ನೆಯ ಶತಮಾನದ ಆರಂಭದಲ್ಲಿ, ಕೆಳದಿ ಅರಸರ ಕಾಲದಲ್ಲಿ, ಬೊಮ್ಮಣ್ಣ ಸೆಟ್ಟಿ ಕಟ್ಟಿಸಿದ್ದು. ಮುಂದೆ ಮಾನಸ್ತಂಭ, ಒಳಗೆ ತೀರ್ಥಂಕರ. ಘಟ್ಟದ ಮೇಲಿನ ಮೆಣಸು ಅಡಿಕೆ ಕೆಳಕ್ಕೆ, ಕರಾವಳಿಯ ಉಪ್ಪು ಮೇಲಕ್ಕೆ ಓಡಾಡುತ್ತಿದ್ದ ದಾರಿಗಳ ನಾಡಿನಲ್ಲಿ ಸೆಟ್ಟರು ಗಳಿಸಿದರು, ಗಳಿಸಿದ್ದರಲ್ಲಿ ಒಂದು ಪಾಲನ್ನು ಎಲ್ಲರೂ ಬರುವಂಥ ಕಟ್ಟಡಕ್ಕೆ ಹಾಕಿದರು. ಹಾಕಿದವರ ಹೆಸರು ಇಂದಿಗೂ ಊರಿನವರ ಬಾಯಲ್ಲಿದೆ. ಯೋಧನಿಗೆ ಸತ್ತ ಮೇಲೆ ಕಲ್ಲು, ಸೆಟ್ಟರಿಗೆ ಬದುಕಿರುವಾಗಲೇ ಕೀರ್ತಿ. ಮೊದಲು ಯೋಧನಾಗಿ ಆಮೇಲೆ ಸೆಟ್ಟಿಯಾದವನನ್ನು ಎಲ್ಲಿ ಸೇರಿಸುವುದು?

ನಮ್ಮ ಸ್ಮರಣ ಸಂಚಿಕೆಗಳಿಗೂ ವೀರಗಲ್ಲಿನ ಅಭ್ಯಾಸವೇ ಬಂದಿದೆ. ಮಾಜಿ ಸೈನಿಕರ ಬಗ್ಗೆ ಬರೆಯುವಾಗ ಪದಕ, ಪೋಸ್ಟಿಂಗ್, ಯುದ್ಧ ಎಂದು ಒಂದೆರಡು ಪುಟ ಬರೆದು, ‘ನಿವೃತ್ತಿಯ ನಂತರ ಕೃಷಿ ಮತ್ತು ಸಮಾಜಸೇವೆಯಲ್ಲಿ ತೊಡಗಿಸಿಕೊಂಡರು’ ಎಂಬ ಒಂದೇ ಸಾಲಿನಲ್ಲಿ ಮುಂದಿನ ನಲವತ್ತು ವರ್ಷವನ್ನು ಮುಗಿಸಿಬಿಡುತ್ತೇವೆ. 1971ರ ಹದಿಮೂರು ದಿನದ ಯುದ್ಧಕ್ಕೆ ಎರಡು ಪುಟ, ನಲವತ್ತು ವರ್ಷಕ್ಕೆ ಒಂದು ಸಾಲು. ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಸೇನೆಯಿಂದ ಬಂದು ತೋಟ ನೋಡಿಕೊಂಡವರು, ಅಣ್ಣನ ದಿನಸಿ ಅಂಗಡಿಯ ಗಲ್ಲಾಪೆಟ್ಟಿಗೆಗೆ ಕೂತವರು, ಸೊಸೈಟಿಯ ನಿರ್ದೇಶಕರಾದವರು ಕಡಿಮೆಯಿಲ್ಲ. ಅವರ ಮನೆಯ ಮಾತನ್ನು ಅವರ ಮನೆಯವರೇ ಬರೆಯಬೇಕು. ಆ ಒಂದು ಸಾಲನ್ನು ಬಿಚ್ಚಿದರೆ ಒಳಗೆ ಏನೇನು ಇರುತ್ತದೆ ಎಂದು ತೋರಿಸಲು ನಾನು ಆರಿಸಿಕೊಂಡಿರುವುದು, ಬದುಕೆಲ್ಲ ಸಾರ್ವಜನಿಕವಾಗಿ ದಾಖಲಾಗಿರುವ ಒಬ್ಬ ಯೋಧನನ್ನು, ಅವರು ಗೆಳೆಯರೊಡನೆ ಕಟ್ಟಿದ ಒಂದು ಸಂಸ್ಥೆಯನ್ನು. ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಮತ್ತು ಡೆಕ್ಕನ್ ಏವಿಯೇಷನ್.

ಗೋಪಿನಾಥ್ ಹಾಸನ ಜಿಲ್ಲೆಯವರು, ನಮ್ಮ ಸಂಚಿಕೆಗೆ ಯಾಕೆ ಎಂದು ಕೇಳುವವರಿಗೆ ಒಂದು ಮಾತು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಸಾಗರ, ಹೊಸನಗರದ ಎಷ್ಟು ಊರುಗಳು ಶರಾವತಿಯ ಹಿನ್ನೀರಿಗೆ ಹೋದವು, ಎಷ್ಟು ಮನೆಯವರು ಹೆಂಚು ಇಳಿಸಿಕೊಂಡು, ಬಾಗಿಲು ತೊಲೆ ಕಿತ್ತುಕೊಂಡು ಲಾರಿ ಹತ್ತಿದರು ಎಂಬುದನ್ನು ಇಲ್ಲಿನವರಿಗೆ ಹೇಳಬೇಕಿಲ್ಲ. ಹೇಮಾವತಿಗೆ ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿಯಿತು. ಆ ನೀರಿನಲ್ಲಿ ಹೋದ ಹೊಲಗಳಲ್ಲಿ ಗೋಪಿನಾಥ್ ಅವರ ಮನೆತನದ ಹೊಲವೂ ಒಂದು. ‘ಮುಳುಗಡೆ’ ಎಂದರೆ ಏನೆಂದು ಗೊತ್ತಿರುವವರಿಗೆ ಅವರ ಕತೆಯ ಅರ್ಧ ಆಗಲೇ ಗೊತ್ತು.

ಗೋಪಿನಾಥ್ ಹುಟ್ಟಿದ್ದು 1951ರ ನವೆಂಬರ್ 13ರಂದು, ಮೇಲುಕೋಟೆಯಲ್ಲಿ. ಬೆಳೆದದ್ದು ಗೊರೂರಿನಲ್ಲಿ. ಕನ್ನಡದ ಓದುಗರಿಗೆ ಆ ಊರನ್ನು ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಎಂದೋ ಪರಿಚಯ ಮಾಡಿಕೊಟ್ಟಿದ್ದಾರೆ. ತಂದೆ ಶಾಲಾ ಮೇಷ್ಟ್ರು, ಮನೆ ತುಂಬ ಮಕ್ಕಳು. ಮೇಷ್ಟ್ರು ತಮ್ಮ ಮಗನನ್ನೇ ಶುರುವಿನಲ್ಲಿ ಶಾಲೆಗೆ ಕಳಿಸಲಿಲ್ಲ. ಮನೆಯಲ್ಲೇ ಪಾಠ ಹೇಳಿ, ನೇರವಾಗಿ ಐದನೆಯ ತರಗತಿಗೆ ಸೇರಿಸಿದರು. ಅಲ್ಲಿಂದ ಹುಡುಗ ಹೋದದ್ದು ವಿಜಯಪುರದ ಸೈನಿಕ ಶಾಲೆಗೆ.

ಈ ಶಾಲೆಯ ಬಗ್ಗೆ ಎರಡು ಮಾತು ಹೆಚ್ಚಾದರೂ ಚಿಂತೆಯಿಲ್ಲ. ಕೃಷ್ಣ ಮೆನನ್ ರಕ್ಷಣಾ ಸಚಿವರಾಗಿದ್ದಾಗ 1961ರಲ್ಲಿ ಸೈನಿಕ ಶಾಲೆಗಳ ಯೋಜನೆ ಶುರುವಾಯಿತು. ವಿಜಯಪುರದ ಶಾಲೆ 1963ರದು. ಅದುವರೆಗೆ ಸೇನೆಯ ಅಧಿಕಾರಿಯಾಗುವುದೆಂದರೆ ಕೊಡಗಿನಂಥ ಯೋಧ ಪರಂಪರೆಯ ನಾಡಿನವರಿಗೆ, ಇಲ್ಲವೇ ಪಟ್ಟಣದ ಇಂಗ್ಲಿಷ್ ಶಾಲೆಗಳ ಮಕ್ಕಳಿಗೆ ಎಂಬಂತಿತ್ತು. ಹಳ್ಳಿಯ ಮೇಷ್ಟ್ರ ಮಗ, ರೈತನ ಮಗ ಖಡಕ್‌ವಾಸ್ಲದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಬಾಗಿಲು ತಟ್ಟುವುದಕ್ಕೆ ದಾರಿ ಮಾಡಿದ್ದು ಈ ಶಾಲೆಗಳು. ಕನ್ನಡ ನಾಡಿನ ಯೋಧರ ಚರಿತ್ರೆ ಬರೆಯುವವರು ರಣರಂಗದಿಂದ ಶುರುಮಾಡುತ್ತಾರೆ. ನನ್ನನ್ನು ಕೇಳಿದರೆ ವಿಜಯಪುರದ ಆ ಹಾಸ್ಟೆಲ್ಲಿನ ಕಬ್ಬಿಣದ ಮಂಚಗಳಿಂದ ಶುರುಮಾಡಬೇಕು.

ಅಕಾಡೆಮಿ ಮುಗಿಸಿ, ಡೆಹ್ರಾಡೂನಿನಲ್ಲಿ ತರಬೇತಿ ಪಡೆದು, ಇಪ್ಪತ್ತರ ಆಸುಪಾಸಿನಲ್ಲಿ ಅಧಿಕಾರಿಯಾಗಿ ಹೊರಬರುವ ಹೊತ್ತಿಗೆ 1971ರ ಯುದ್ಧ ಎದುರಿಗಿತ್ತು. ಡಿಸೆಂಬರ್ 3ರಿಂದ 16ರವರೆಗೆ ನಡೆದ ಆ ಯುದ್ಧದ ಕೊನೆಗೆ ಢಾಕಾದಲ್ಲಿ ಪಾಕಿಸ್ತಾನದ ಸುಮಾರು 93,000 ಮಂದಿ ಶರಣಾದರು, ಬಾಂಗ್ಲಾದೇಶ ಹುಟ್ಟಿತು. ಗೋಪಿನಾಥ್ ಆ ಯುದ್ಧದಲ್ಲಿದ್ದರು. ಒಟ್ಟು ಎಂಟು ವರ್ಷ ಸೇನೆಯಲ್ಲಿದ್ದು, 28ರ ಹರೆಯದಲ್ಲಿ ಕ್ಯಾಪ್ಟನ್ ಹುದ್ದೆಯಲ್ಲಿರುವಾಗ ರಾಜೀನಾಮೆ ಕೊಟ್ಟರು. ಪಿಂಚಣಿಗೆ ಬೇಕಾದಷ್ಟು ಸೇವೆ ಆಗಿರಲಿಲ್ಲ. ಕೈಗೆ ಬಂದದ್ದು ಕೆಲವು ಸಾವಿರ ರೂಪಾಯಿಯ ಗ್ರಾಚ್ಯುಟಿ.

ಯುದ್ಧದ ಭಾಗವನ್ನು ಬೇಕೆಂದೇ ಚುಟುಕಾಗಿ ಹೇಳಿದ್ದೇನೆ. ಮುಂದಿನದು ಉದ್ದ.

ಮುಳುಗಿದ ಭೂಮಿಗೆ ಬದಲಾಗಿ ಸರ್ಕಾರ ಕೊಟ್ಟ ಜಮೀನು ಇದ್ದದ್ದು ಜಾವಗಲ್ ಹತ್ತಿರ, ಅರಸೀಕೆರೆ ತಾಲ್ಲೂಕಿನಲ್ಲಿ. ಗೊರೂರು ಹೊಳೆಸಾಲಿನ ಊರು, ಜಾವಗಲ್ ಬಯಲುಸೀಮೆ. ಹೊಯ್ಸಳರ ಲಕ್ಷ್ಮೀನರಸಿಂಹ ದೇವಾಲಯ ಅಲ್ಲಿನ ಹಿರಿಮೆ, ಕ್ರಿಕೆಟ್ಟಿನ ಶ್ರೀನಾಥರಿಂದ ಊರಿನ ಹೆಸರು ಪ್ರಪಂಚಕ್ಕೆ ತಿಳಿದದ್ದು ಆಮೇಲೆ. ಪರಿಹಾರದ ಜಮೀನು ಎಂದರೆ ಕಾಗದದ ಮೇಲೆ ಎಕರೆಗೆ ಎಕರೆ. ಕಾಲಿಟ್ಟು ನೋಡಿದರೆ ಕಲ್ಲು, ಕುರುಚಲು, ಬಾವಿಯಿಲ್ಲ, ದಾರಿಯಿಲ್ಲ, ಕರೆಂಟಿಲ್ಲ. ಶರಾವತಿಯ ಮುಳುಗಡೆಯವರಲ್ಲಿ ಎಷ್ಟೋ ಕುಟುಂಬಗಳು ಇಂಥ ನೆಲವನ್ನು ನೋಡಿ ಬಂದು, ಮತ್ತೆ ಹಿನ್ನೀರಿನ ಅಂಚಿಗೇ ಗುಡಿಸಲು ಹಾಕಿಕೊಂಡದ್ದುಂಟು. ಗೋಪಿನಾಥ್ ಅಲ್ಲಿ ಟೆಂಟ್ ಹೊಡೆದರು.

ಸೇನೆಯಿಂದ ಬಂದವನ ಗುಣ ‘ಶಿಸ್ತು’ ಎಂದು ನಮ್ಮ ಸಭೆಗಳಲ್ಲಿ ಹೇಳುವ ರೂಢಿಯಿದೆ. ಬೆಳಿಗ್ಗೆ ಐದಕ್ಕೆ ಏಳುವ ಶಿಸ್ತು ನಮ್ಮ ಅಡಿಕೆ ತೋಟದ ಯಾವ ಯಜಮಾನನಿಗೆ ಇಲ್ಲ? ಕೊನೆಗಾರನ ಮನೆಗೆ ಮೂರು ಸಲ ಹೋಗಿ ಬರುವವನಿಗೆ, ರಾತ್ರಿ ಅಡಿಕೆ ಬೇಯಿಸಿ ಬೆಳಿಗ್ಗೆ ಅಟ್ಟದ ಮೇಲೆ ಹರವುವವನಿಗೆ ಶಿಸ್ತಿನ ಪಾಠ ಯಾರೂ ಹೇಳಬೇಕಿಲ್ಲ. ಸೇನೆ ಕಲಿಸುವುದು ಬೇರೆ ಒಂದನ್ನು: ಏನೂ ಇಲ್ಲದ ಕಡೆ ಇಂದು ರಾತ್ರಿ ಮಲಗುವುದು ಹೇಗೆ, ನಾಳೆ ನೀರು ತರುವುದು ಎಲ್ಲಿಂದ, ನಾಡಿದ್ದು ಇನ್ನೊಬ್ಬನಿಗೆ ಜಾಗ ಮಾಡುವುದು ಹೇಗೆ ಎಂಬುದನ್ನು. ಬಿಡಾರ ಹೂಡುವುದನ್ನು. ಜಾವಗಲ್‌ನಲ್ಲಿ ಅವರಿಗೆ ಆದದ್ದು ಅದೇ ವಿದ್ಯೆ. ಮದುವೆಯಾದ ಮೇಲೆ ಪತ್ನಿ ಭಾರ್ಗವಿ ಅವರೂ ಅದೇ ಜಮೀನಿಗೆ ಬಂದು ಸಂಸಾರ ಹೂಡಿದರು. ಇಂಥ ಚರಿತ್ರೆಗಳಲ್ಲಿ ಹೆಂಡತಿಯ ಹೆಸರು ‘ಸಹಕಾರ ನೀಡಿದರು’ ಎಂಬಲ್ಲಿಗೆ ನಿಲ್ಲುತ್ತದೆ. ಕರೆಂಟಿಲ್ಲದ ಹೊಲದ ಮನೆಯಲ್ಲಿ ವರ್ಷಗಟ್ಟಲೆ ಒಲೆ ಹಚ್ಚಿದ್ದನ್ನು ಸಹಕಾರ ಎಂದು ಕರೆದರೆ, ಟೆಂಟ್ ಹೊಡೆದದ್ದನ್ನು ಏನೆಂದು ಕರೆಯಬೇಕೋ ತಿಳಿಯದು.

ತೆಂಗು ನೆಟ್ಟರು, ಬೇರೆ ಬೆಳೆಗಳನ್ನು ಹಾಕಿ ನೋಡಿದರು, ಹಸು ಸಾಕಿದರು, ಕಳೆದುಕೊಂಡರು. ಕೊನೆಗೆ ಕೈಹಿಡಿದದ್ದು ರೇಷ್ಮೆ.

ಮಲೆನಾಡಿನ ಓದುಗರಿಗೆ ರೇಷ್ಮೆ ಅಷ್ಟು ಪರಿಚಿತವಲ್ಲ. ಮಳೆ ಹಿಡಿದ ಊರಿನಲ್ಲಿ ಹುಳು ಸಾಕುವುದು ಕಷ್ಟ. ಬಯಲುಸೀಮೆಯಲ್ಲಿ ಮಾತ್ರ ಅದು ಕೈಗೆ ಬೇಗ ಕಾಸು ತರುವ ಬೆಳೆ. ತೆಂಗು ಫಲ ಕೊಡುವುದಕ್ಕೆ ವರ್ಷಗಳು ಬೇಕು. ಚಾಕಿ ಕಟ್ಟಿದ, ಅಂದರೆ ಮರಿಯಾಗಿ ಸಾಕತೊಡಗಿದ ಹುಳು ತಿಂಗಳೊಳಗೆ ಗೂಡಾಗುತ್ತದೆ. ಆ ತಿಂಗಳು ಮಾತ್ರ ಮನೆಯವರಿಗೆ ನಿದ್ದೆಯಿಲ್ಲ. ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಅಂದರೆ ಪೊರೆ ಬಿಡುತ್ತದೆ. ನಾಲ್ಕನೆಯ ಜ್ವರ ಎದ್ದ ಮೇಲೆ ಅದಕ್ಕೆ ಹಗಲು ರಾತ್ರಿ ಹಿಪ್ಪುನೇರಳೆ ಸೊಪ್ಪು ಬೇಕು; ಹಣ್ಣಾದ ಹುಳುವನ್ನು ಹೊತ್ತು ಮೀರದಂತೆ ಆರಿಸಿ, ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ಸೊಪ್ಪಿಗೆ ಔಷಧಿ ಹೊಡೆದರೆ ಹುಳು ಸಾಯುತ್ತದೆ. ಪಕ್ಕದ ಹೊಲದವನು ಹೊಡೆದ ಔಷಧಿ ಗಾಳಿಗೆ ಬಂದರೂ ಕಷ್ಟವೇ. ಸಾಲದ್ದಕ್ಕೆ 1980ರಲ್ಲಿ ಕರ್ನಾಟಕಕ್ಕೆ ಉಜಿ ನೊಣ ಕಾಲಿಟ್ಟಿತು. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಗೂಡು ಕೆಡಿಸುವ ಈ ನೊಣ ಆ ದಶಕದುದ್ದಕ್ಕೂ ರಾಜ್ಯದ ರೇಷ್ಮೆ ಬೆಳೆಗಾರರನ್ನು ಕಾಡಿತು. ಗೋಪಿನಾಥ್ ಹೊಲದಲ್ಲಿ ದುಡಿದದ್ದೂ ಇದೇ ದಶಕದಲ್ಲಿ. ವಿಷವಿಲ್ಲದೆ, ಹೊರಗಿನ ಗೊಬ್ಬರದ ಖರ್ಚು ಇಳಿಸಿ, ಹೊಲದಲ್ಲಿ ಹುಟ್ಟಿದ್ದನ್ನು ಹೊಲಕ್ಕೇ ಮರಳಿಸಿ ರೇಷ್ಮೆ ತೆಗೆಯುವ ಕ್ರಮವನ್ನು ಅವರು ರೂಢಿಸಿದರು. ಆ ಕೆಲಸಕ್ಕೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ಸ್ವಿಟ್ಜರ್ಲೆಂಡಿನ ಗಡಿಯಾರದ ಕಂಪನಿಯೊಂದು ಅರಸೀಕೆರೆ ತಾಲ್ಲೂಕಿನ ಹುಳುಮನೆಯನ್ನು ಗುರುತಿಸಿತು ಎಂಬುದು ಆ ಕಾಲಕ್ಕೆ ಸಣ್ಣ ಸುದ್ದಿಯಾಗಿರಲಿಲ್ಲ.

ಮುಂದೆ ವಿಮಾನ ಕಂಪನಿಯ ಬಗ್ಗೆ ಬರೆದವರೆಲ್ಲ ಈ ಹದಿನೈದು ಚಿಲ್ಲರೆ ವರ್ಷಗಳನ್ನು ಪೀಠಿಕೆ ಎಂದು ದಾಟಿಹೋಗುತ್ತಾರೆ. ನನಗೆ ಇದೇ ಮೂಲಗ್ರಂಥ. ಒಂದು ಬೆಳೆ ಹೋದರೆ ಇನ್ನೊಂದು, ಬ್ಯಾಂಕಿನ ಸಾಲ ತೀರುವ ಮೊದಲೇ ಮತ್ತೊಂದು ಸಾಲ, ಸೋತದ್ದನ್ನು ಎಣಿಸುತ್ತ ಕೂರದೆ ಮುಂದಿನ ಹಂಗಾಮಿಗೆ ಬೀಜ ಹುಡುಕುವುದು. ರೈತನಿಗೆ ಇದು ಸಹಜ, ಪೇಟೆಯ ವ್ಯಾಪಾರಿಗೆ ಇದು ಹುಚ್ಚು. ಮುಂದೆ ಅವರು ವಿಮಾನ ಕಂಪನಿ ನಡೆಸಿದ ರೀತಿಯಲ್ಲಿ ಇದರ ಒಳಿತೂ ಇತ್ತು, ಕೆಡುಕೂ ಇತ್ತು.

ಹೊಲದ ಜೊತೆಜೊತೆಗೆ ಹಾಸನದಲ್ಲಿ ಅಂಗಡಿಗಳು ಎದ್ದವು. ‘ಮಲ್ನಾಡ್ ಮೊಬೈಕ್ಸ್’ ಎಂಬ ಹೆಸರಿನಲ್ಲಿ ಎನ್‌ಫೀಲ್ಡ್ ಮೋಟಾರ್ ಸೈಕಲ್ ಡೀಲರ್‌ಶಿಪ್, ಒಂದು ಹೋಟೆಲ್, ರೈತರಿಗೆ ನೀರಾವರಿ ಸಲಹೆ ಮತ್ತು ಸಲಕರಣೆ. ಹೆಸರಿನಲ್ಲೇ ಮಲೆನಾಡು ಇರುವುದರಿಂದ ನಮಗೂ ಒಂದು ಪಾಲು ಸಂದಂತಾಯಿತು. ಎನ್‌ಫೀಲ್ಡ್ ಬುಲೆಟ್ ಎಂದರೆ ಆಗ ಪೊಲೀಸರು, ಮಿಲಿಟರಿಯವರು, ಕಾಫಿ ತೋಟದ ಸಾಹುಕಾರರು ಏರುತ್ತಿದ್ದ ಗಾಡಿ. ಮಾಜಿ ಕ್ಯಾಪ್ಟನ್ ಅದನ್ನು ಮಾರುವುದು ಹೊಂದಿಕೆಯಾಗಿಯೇ ಇತ್ತು. ಮುಂದೆ ಭಾರ್ಗವಿ ಗೋಪಿನಾಥ್ ಬೆಂಗಳೂರಿನಲ್ಲಿ ‘ಬನ್ ವರ್ಲ್ಡ್’ ಹೆಸರಿನ ಬೇಕರಿ ಕಟ್ಟಿದರು. ಅಯ್ಯಂಗಾರ್ ಬೇಕರಿ ಹಾಸನ ಸೀಮೆಯವರು ಬೆಂಗಳೂರಿಗೆ ಕೊಟ್ಟ ಕಾಣಿಕೆ. ಖಾರದ ಬನ್ನಿನ ಆ ವಂಶಾವಳಿಯನ್ನೇ ಬರೆದರೆ ಬೇರೊಂದು ಸಂಚಿಕೆ ಬೇಕಾದೀತು.

ಈ ನಡುವೆ ಹಾಸನ ಸೀಮೆಯಿಂದ ವಿಧಾನಸಭೆಗೂ ಬಿಜೆಪಿ ಅಭ್ಯರ್ಥಿಯಾಗಿ ನಿಂತು ಸೋತರು. ಸೋಲಿನ ಪಟ್ಟಿಗೆ ಇನ್ನೊಂದು ಸೇರಿತು, ಅಷ್ಟೆ.

ಸಂಸ್ಥೆಯ ಚರಿತ್ರೆ ಇಲ್ಲಿಂದ ಶುರು. ಸೇನೆಯಲ್ಲಿ ಹೆಲಿಕಾಪ್ಟರ್ ಹಾರಿಸಿ ನಿವೃತ್ತರಾಗಿದ್ದ ಗೆಳೆಯ ಕ್ಯಾಪ್ಟನ್ ಕೆ.ಜೆ. ಸ್ಯಾಮ್ಯುಯೆಲ್ ಅವರೊಡನೆ ಸೇರಿ 1997ರಲ್ಲಿ ಡೆಕ್ಕನ್ ಏವಿಯೇಷನ್ ಆರಂಭಿಸಿದರು. ಕರ್ನಲ್ ಜಯಂತ್ ಪೂವಯ್ಯ ಅವರೂ ಜೊತೆಗೂಡಿದರು. ಬಾಡಿಗೆಗೆ ಹೆಲಿಕಾಪ್ಟರ್ ಒದಗಿಸುವ ಕಂಪನಿ. ನೆಲೆ ಬೆಂಗಳೂರಿನ ಜಕ್ಕೂರು. ಸೇನೆ ಒಬ್ಬನಿಗೆ ಕೊಡುವ ಎರಡನೆಯ ಆಸ್ತಿ ಇಲ್ಲಿ ಕೆಲಸಕ್ಕೆ ಬಂತು. ಬಿಡಾರ ಹೂಡುವ ವಿದ್ಯೆ ಮೊದಲನೆಯದು, ಗೆಳೆಯರು ಎರಡನೆಯದು. ಹಾರಿಸಲು ಬಲ್ಲವರು, ರಿಪೇರಿ ಬಲ್ಲವರು, ಕಡತ ಬಲ್ಲವರು ಎಲ್ಲರೂ ಒಂದೇ ಮೆಸ್ಸಿನಲ್ಲಿ ಊಟ ಮಾಡಿದವರು. ಬಂಡವಾಳ ಯಾರ ಬಳಿಯೂ ಇರಲಿಲ್ಲ. ಮನೆತನದ ವ್ಯಾಪಾರದಲ್ಲಿ ಅಣ್ಣ ತಮ್ಮಂದಿರ ನಡುವೆ ಇರಬೇಕಾದ ನಂಬಿಕೆ ಇವರಲ್ಲಿ ರಕ್ತಸಂಬಂಧವಿಲ್ಲದೆ ಇತ್ತು. ಡೆಕ್ಕನ್ ಏವಿಯೇಷನ್ನನ್ನು ನಾನು ‘ಕುಟುಂಬದ ಉದ್ಯಮ’ ಎಂದೇ ಎಣಿಸುವುದು ಈ ಅರ್ಥದಲ್ಲಿ.

ಕಾಲವೂ ಕೂಡಿಬಂದಿತ್ತು. ವಿಮಾನ ಸಾರಿಗೆಯನ್ನು ಸರ್ಕಾರದ ಏಕಸ್ವಾಮ್ಯ ಮಾಡಿದ್ದ 1953ರ ಏರ್ ಕಾರ್ಪೊರೇಷನ್ಸ್ ಕಾಯ್ದೆ 1994ರಲ್ಲಿ ರದ್ದಾಗಿತ್ತು. ಹಾಗೆಂದು ಹಾದಿ ಸಲೀಸಾಗಿರಲಿಲ್ಲ. ಹೊಸ ಗಾಳಿಗೆ ಹುಟ್ಟಿದ ಈಸ್ಟ್ ವೆಸ್ಟ್, ದಮಾನಿಯಾ, ಮೋದಿಲುಫ್ಟ್ ಅಷ್ಟರಲ್ಲೇ ಹೇಳಹೆಸರಿಲ್ಲದೆ ಹೋಗಿದ್ದವು. ದೆಹಲಿಯ ಕಚೇರಿಗಳಲ್ಲಿ ಕಡತದ ಹಿಂದೆ ಅಲೆದು ಪರವಾನಗಿ ತರುವುದೇ ಒಂದು ದಂಡಯಾತ್ರೆ. ಹೆಲಿಕಾಪ್ಟರ್ ಬಂದ ಮೇಲೆ ಮಾತ್ರ ಗಿರಾಕಿಗಳಿಗೆ ಕೊರತೆಯಾಗಲಿಲ್ಲ. ಚುನಾವಣೆ ಬಂದರೆ ನಾಯಕರಿಗೆ ಬೇಕು, ಗಣಿ ಕಂಪನಿಗಳಿಗೆ ಸಮೀಕ್ಷೆಗೆ ಬೇಕು, ಬೆಟ್ಟದ ಮೇಲಿನ ಯಾತ್ರಾಸ್ಥಳಗಳಿಗೆ ಬೇಕು.

ಹೆಲಿಕಾಪ್ಟರಿನಿಂದ ಕೆಳಗೆ ನೋಡಿದಾಗ ಹಳ್ಳಿಯ ಮನೆಗಳ ಮೇಲೆಲ್ಲ ಟಿವಿಯ ಆಂಟೆನಾಗಳು ಕಂಡವು, ಇಷ್ಟು ಮನೆಗೆ ಟಿವಿ ಬಂದಿದ್ದರೆ ಇವರು ವಿಮಾನವನ್ನೂ ಹತ್ತಿಯಾರು ಎಂಬ ಯೋಚನೆ ಆಗ ಹೊಳೆಯಿತು ಎಂದು ಗೋಪಿನಾಥ್ ಹಲವು ಕಡೆ ಹೇಳಿದ್ದಾರೆ. ಅಮೆರಿಕದ ಫೀನಿಕ್ಸ್ ವಿಮಾನ ನಿಲ್ದಾಣದ ಜನಸಂದಣಿ ಕಂಡು ಬೆರಗಾದದ್ದನ್ನೂ ಹೇಳಿದ್ದಾರೆ. ಆ ಒಂದು ಊರಿನಿಂದ ದಿನಕ್ಕೆ ಏಳುವ ವಿಮಾನಗಳ ಸಂಖ್ಯೆ ಅಂದಿನ ಇಡೀ ಭಾರತದ್ದಕ್ಕಿಂತ ಹೆಚ್ಚಿತ್ತು. ಸಣ್ಣ ಊರಿಗೆ ವಿಮಾನ ಎಂಬ ಯೋಚನೆ ಅವರೊಬ್ಬರದೇ ಎಂದರೆ ಅತಿಶಯವಾದೀತು. 1981ರಲ್ಲಿ ಸರ್ಕಾರವೇ ‘ವಾಯುದೂತ್’ ಮಾಡಿತ್ತು. ನಷ್ಟದಲ್ಲಿ ನರಳಿ 1993ರಲ್ಲಿ ಇಂಡಿಯನ್ ಏರ್‌ಲೈನ್ಸ್ ಒಳಗೆ ಕರಗಿತು. ಗೋಪಿನಾಥರ ಲೆಕ್ಕದಲ್ಲಿ ಹೊಸದಾಗಿದ್ದದ್ದು ದರ.

2003ರ ಆಗಸ್ಟ್‌ನಲ್ಲಿ ಡೆಕ್ಕನ್ ಏವಿಯೇಷನ್ ಶುರುಮಾಡಿದ ಅಗ್ಗದ ವಿಮಾನ ಸೇವೆ ಏರ್ ಡೆಕ್ಕನ್ನಿನ ಮೊದಲ ವಿಮಾನ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿತು. ಮುಂಬೈಗೂ ಅಲ್ಲ, ದೆಹಲಿಗೂ ಅಲ್ಲ, ಹುಬ್ಬಳ್ಳಿಗೆ. ಫ್ರಾನ್ಸ್ ಇಟಲಿ ಸೇರಿ ಮಾಡುವ ಎಟಿಆರ್, ಎರಡು ಪಂಖದ, 48 ಸೀಟಿನ ಸಣ್ಣ ವಿಮಾನ. ಉದ್ದ ರನ್‌ವೇ ಬೇಡ, ಎಣ್ಣೆ ಕಡಿಮೆ ಕುಡಿಯುತ್ತದೆ. ಊಟವಿಲ್ಲ, ನೀರು ಬೇಕಾದರೆ ದುಡ್ಡು ಕೊಟ್ಟು ಕುಡಿಯಬೇಕು, ಟಿಕೆಟ್ಟು ಇಂಟರ್‌ನೆಟ್ಟಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ. ಸೀಟಿಗೆ ನಂಬರಿಲ್ಲ, ನಮ್ಮ ತೀರ್ಥಹಳ್ಳಿ ಬಸ್ಸಿನಂತೆ ಮೊದಲು ಹತ್ತಿದವನಿಗೆ ಕಿಟಕಿ. ಆರ್.ಕೆ. ಲಕ್ಷ್ಮಣರ ‘ಸಾಮಾನ್ಯ ಮನುಷ್ಯ’ ಕಂಪನಿಯ ಗುರುತಾದ. ಚೌಕಳಿ ಕೋಟು, ಪಂಚೆ ಉಟ್ಟು ಐವತ್ತು ವರ್ಷದಿಂದ ಪತ್ರಿಕೆಯ ಮೂಲೆಯಲ್ಲಿ ಮಾತಿಲ್ಲದೆ ನಿಂತಿದ್ದವನು ವಿಮಾನದ ಮೈಮೇಲೆ ಬಂದು ನಿಂತ.

ಶುಭಾರಂಭ ಶುಭವಾಗಿರಲಿಲ್ಲ. ಹೈದರಾಬಾದಿನಿಂದ ವಿಜಯವಾಡಕ್ಕೆ ಆ ಮಾರ್ಗದ ಉದ್ಘಾಟನೆಯ ವಿಮಾನ ಹೊರಡುವಾಗ ಇಂಜಿನ್‌ನಲ್ಲಿ ಬೆಂಕಿ ಕಾಣಿಸಿಕೊಂಡಿತು. ಒಳಗೆ ವೆಂಕಯ್ಯ ನಾಯ್ಡು, ರಾಜೀವ್ ಪ್ರತಾಪ್ ರೂಡಿಯವರಂಥ ಗಣ್ಯರು; ಹೊರಗೆ ಇಡೀ ದೇಶದ ಪತ್ರಕರ್ತರು. ಯಾರಿಗೂ ಅಪಾಯವಾಗಲಿಲ್ಲ. ಬೇರೆ ಯಾರಾದರೂ ಅಲ್ಲಿಗೇ ಕೈಚೆಲ್ಲುತ್ತಿದ್ದರೇನೋ. ಬೆಳೆ ಹೋದ ಮರುದಿನ ಹೊಲಕ್ಕೆ ಹೋಗಿ ಅಭ್ಯಾಸವಿದ್ದವರು ಮತ್ತೆ ಹಾರಿಸಿದರು.

ಒಂದು ರೂಪಾಯಿಯ ಟಿಕೆಟ್ಟು ಎಲ್ಲರಿಗೂ ನೆನಪಿದೆ. ಅದು ಮೂಲ ದರ. ತೆರಿಗೆ ಬೇರೆ, ಸೀಟುಗಳೂ ಕೆಲವೇ. ತುಂಬದ ಸೀಟು ಒಮ್ಮೆ ವಿಮಾನ ಎದ್ದ ಮೇಲೆ ಯಾವ ಬೆಲೆಗೂ ಮಾರಾಟವಾಗದು ಎಂಬುದು ಅದರ ಹಿಂದಿನ ಲೆಕ್ಕ. ತಿಂಗಳುಗಳ ಮುಂಚೆ ಕಾಯ್ದಿರಿಸಿದವನಿಗೆ ಅಗ್ಗ, ನಾಳೆ ಹೊರಡುವವನಿಗೆ ದುಬಾರಿ. ಇಂದು ಎಲ್ಲ ಕಂಪನಿಗಳೂ ನಡೆಸುವ ಈ ಲೆಕ್ಕವನ್ನು ನಮ್ಮ ಜನ ಮೊದಲು ಕಲಿತದ್ದು ಏರ್ ಡೆಕ್ಕನ್ನಿನಲ್ಲಿ. 2007ರ ಹೊತ್ತಿಗೆ 67 ನಿಲ್ದಾಣಗಳಿಗೆ, ದಿನಕ್ಕೆ 380ರಷ್ಟು ವಿಮಾನಗಳು ಹಾರುತ್ತಿದ್ದವು. ದಿನಕ್ಕೆ ಸುಮಾರು 25,000 ಜನ.

ಅಷ್ಟೇ ಬೇಗ ಇನ್ನೊಂದು ಲೆಕ್ಕವೂ ಬೆಳೆಯಿತು. ವಿಮಾನಗಳು ತಡವಾಗುತ್ತವೆ, ರದ್ದಾಗುತ್ತವೆ ಎಂಬ ದೂರು ಪತ್ರಿಕೆಗಳ ಓದುಗರ ಅಂಕಣಗಳಲ್ಲಿ ತುಂಬಿತು. ಎಣ್ಣೆಯ ಬೆಲೆ ಏರಿತು, ಹೊಸ ಕಂಪನಿಗಳು ಕಣಕ್ಕಿಳಿದವು, ಇರುವ ವಿಮಾನ ಲಾಭಕ್ಕೆ ಬರುವ ಮೊದಲೇ ಮುಂದಿನದಕ್ಕೆ ಆರ್ಡರ್ ಹೋಗುತ್ತಿತ್ತು. 2006ರಲ್ಲಿ ಷೇರು ಮಾರಿದಾಗ ಪೇಟೆ ಬಿದ್ದಿತ್ತು, ಅಂದುಕೊಂಡಷ್ಟು ಕೂಡಿಬರಲಿಲ್ಲ. ರೈತನ ಅಭ್ಯಾಸದ ಕೆಡುಕು ಎಂದು ಮೇಲೆ ಹೇಳಿದೆನಲ್ಲ, ಅದು ಇಲ್ಲಿ ಕಾಣಿಸಿತು. ಹೊಲದಲ್ಲಿ ಒಂದು ಹಂಗಾಮು ಹೋದರೆ ನೆಲ ಉಳಿಯುತ್ತದೆ. ಭೋಗ್ಯದ ವಿಮಾನಗಳಲ್ಲಿ ನೆಲವೇ ಬೇರೆಯವರದು. 2007ರಲ್ಲಿ ವಿಜಯ್ ಮಲ್ಯ ಅವರ ಸಮೂಹ 550 ಕೋಟಿ ರೂಪಾಯಿಗೆ ಶೇ. 26 ಪಾಲು ಕೊಂಡಿತು. ಏರ್ ಡೆಕ್ಕನ್ ಮೊದಲು ಹೆಸರು ಕಳೆದುಕೊಂಡಿತು, ಆಮೇಲೆ ಮಲ್ಯರ ಕಿಂಗ್‌ಫಿಷರ್‌ನಲ್ಲಿ ಸೇರಿಹೋಯಿತು. 2012ರಲ್ಲಿ ಕಿಂಗ್‌ಫಿಷರ್ ಕೂಡ ನೆಲಕ್ಕಿಳಿಯಿತು. ಅಗ್ಗದ ಪ್ರಯಾಣಕ್ಕೆಂದು ಕಟ್ಟಿದ್ದನ್ನು ಆಡಂಬರಕ್ಕೆ ಹೆಸರಾದ ಕಂಪನಿಗೆ ಒಪ್ಪಿಸಿದ್ದು ಆ ಸಂಸ್ಥೆಯ ಚರಿತ್ರೆಯಲ್ಲೇ ದೊಡ್ಡ ತಪ್ಪು ಎಂದು ನನ್ನ ಅಭಿಪ್ರಾಯ. ಬೇರೆ ದಾರಿ ಉಳಿದಿತ್ತೇ ಎಂದು ಕೇಳಿದರೆ ಸುಲಭದ ಉತ್ತರವಿಲ್ಲ.

ಅನಂತರ ಸರಕು ಸಾಗಣೆಗೆ ‘ಡೆಕ್ಕನ್ 360’ ಮಾಡಿದರು. ಸೂರತ್ತಿನ ಬಟ್ಟೆ, ತಿರುಪ್ಪೂರಿನ ಬನಿಯನ್ನು ರಾತ್ರೋರಾತ್ರಿ ಊರೂರಿಗೆ ತಲುಪಿಸುವಂಥ ಯೋಚನೆ. ಕೆಲವೇ ವರ್ಷದಲ್ಲಿ ಸಾಲದಲ್ಲಿ ನಿಂತಿತು. 2009ರಲ್ಲಿ ಬೆಂಗಳೂರು ದಕ್ಷಿಣದಿಂದ ಲೋಕಸಭೆಗೆ ಪಕ್ಷೇತರರಾಗಿ ನಿಂತರು, ಗೆಲ್ಲಲಿಲ್ಲ. ಅನಂತರ ಕೆಲಕಾಲ ಆಮ್ ಆದ್ಮಿ ಪಕ್ಷದಲ್ಲಿದ್ದು ಹೊರಬಂದರು. 2017ರ ಕೊನೆಗೆ ಏರ್ ಡೆಕ್ಕನ್ ಹೆಸರನ್ನೇ ಮತ್ತೆ ಎತ್ತಿಕೊಂಡು ಮಹಾರಾಷ್ಟ್ರದ ಜಳಗಾಂವ್, ನಾಸಿಕ್‌ನಂಥ ಊರುಗಳಿಗೆ ಸಣ್ಣ ವಿಮಾನ ಹಾರಿಸಿದರು. 2020ರ ಏಪ್ರಿಲ್‌ನಲ್ಲಿ, ಕೊರೊನಾ ಲಾಕ್‌ಡೌನ್ ಹೊತ್ತಿನಲ್ಲಿ, ಅದೂ ನಿಂತಿತು.

ಇದರಲ್ಲಿ ಸಮಾಜಸೇವೆ ಎಲ್ಲಿದೆ ಎಂದು ಸಂಚಿಕೆಯ ಹಿರಿಯ ಓದುಗರು ಕೇಳಬಹುದು. ಛತ್ರ ಕಟ್ಟಿಸಲಿಲ್ಲ, ಕಲ್ಯಾಣ ಮಂಟಪ ಕಟ್ಟಿಸಲಿಲ್ಲ. ನಾವು ಸಮಾಜಸೇವೆ ಎನ್ನುವುದನ್ನು ದಾನಕ್ಕೆ ಕಟ್ಟಿಹಾಕಿದ್ದೇವೆ. ದಾರಿ ಮಾಡಿಕೊಟ್ಟವನು ಲೆಕ್ಕಕ್ಕೆ ಬರುವುದಿಲ್ಲ. ಘಟ್ಟ ಹತ್ತುವ ಎತ್ತಿನ ದಾರಿಗಳನ್ನು ಮೊದಲು ಸವೆಸಿದವರು ಯಾರು, ಅವರಿಗೆ ಅದರಲ್ಲಿ ಎಷ್ಟು ಉಳಿಯಿತು? ಗೊತ್ತಿಲ್ಲ. ದಾರಿ ಮಾತ್ರ ಉಳಿದು, ಆಮೇಲೆ ಬಂದವರು ಅದರಲ್ಲಿ ಅಡಿಕೆ ಸಾಗಿಸಿದರು. ಮಲೆನಾಡಿನ ಬೆಳೆಗಾರರು 1939ರಲ್ಲಿ ಅಡಿಕೆ ಮಾರಾಟಕ್ಕೆ ಮಾಮ್ಕೋಸ್ ಸಹಕಾರ ಸಂಘ ಕಟ್ಟಿಕೊಂಡದ್ದೂ ದಾನಕ್ಕಲ್ಲ, ದಲ್ಲಾಳಿಯ ಕೈಯಿಂದ ಅಡಿಕೆಯನ್ನು ಬಿಡಿಸಿಕೊಳ್ಳುವುದಕ್ಕೆ. ಅದು ಸಮಾಜಸೇವೆಯಲ್ಲ ಎಂದು ಶಿವಮೊಗ್ಗದ ಮಂಡಿಯಲ್ಲಿ ನಿಂತು ಯಾರೂ ಹೇಳಲಾರರು.

ಏರ್ ಡೆಕ್ಕನ್ ಸತ್ತ ಮೇಲೂ ಅದು ತೋರಿಸಿದ ದಾರಿ ಸಾಯಲಿಲ್ಲ. ಸಣ್ಣ ಊರುಗಳಿಗೆ ರಿಯಾಯಿತಿ ದರದ ‘ಉಡಾನ್’ ಯೋಜನೆಯ ಮೊದಲ ವಿಮಾನ 2017ರ ಏಪ್ರಿಲ್ 27ರಂದು ಶಿಮ್ಲಾದಿಂದ ದೆಹಲಿಗೆ ಹಾರಿತು. ನಮ್ಮ ಶಿವಮೊಗ್ಗದ ಸೋಗಾನೆಯ ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು. ಕುಪ್ಪಳಿಯ ಕವಿ ಕುವೆಂಪು ಅವರ ಹೆಸರು ಹೊತ್ತಿತು. 3,200 ಮೀಟರ್ ಉದ್ದದ ರನ್‌ವೇ. ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿನಿಂದ ಇಂಡಿಗೊ ಕಂಪನಿಯ ಮೊದಲ ಪ್ರಯಾಣಿಕರ ವಿಮಾನ ಅಲ್ಲಿ ಇಳಿಯಿತು. ಅದೂ ಎಟಿಆರ್, ಹುಬ್ಬಳ್ಳಿಗೆ ಹೋದದ್ದರ ದೊಡ್ಡ ತಮ್ಮ. ನವೆಂಬರಿನಲ್ಲಿ ಸ್ಟಾರ್ ಏರ್ ಹೈದರಾಬಾದ್, ತಿರುಪತಿ, ಗೋವಾಕ್ಕೆ ಶುರುಮಾಡಿತು. ತೀರ್ಥಹಳ್ಳಿಯವರು ರಾತ್ರಿ ಬಸ್ಸಿಗೆ ಮೈ ಮುದುರಿಕೊಂಡು ಕೂರುವುದು ಇದರಿಂದ ನಿಂತಿಲ್ಲ, ನಿಲ್ಲುವುದೂ ಇಲ್ಲ. ತಿರುಪತಿಗೆ ಹೊರಟ ವಯಸ್ಸಾದವರಿಗೆ ಮಾತ್ರ ಇನ್ನೊಂದು ಬಾಗಿಲು ತೆರೆಯಿತು.

ಗೋಪಿನಾಥರ ಇಂಗ್ಲಿಷ್ ಆತ್ಮಕತೆಯನ್ನು ವಿಶ್ವೇಶ್ವರ ಭಟ್ಟರು ‘ಬಾನಯಾನ’ ಎಂದು ಕನ್ನಡಕ್ಕೆ ತಂದಿದ್ದಾರೆ. 2020ರಲ್ಲಿ ಸುಧಾ ಕೊಂಗರ ನಿರ್ದೇಶನದ, ಸೂರ್ಯ ನಟಿಸಿದ ‘ಸೂರರೈ ಪೋಟ್ರು’ ತಮಿಳು ಸಿನಿಮಾ ಅದರ ಆಧಾರದಲ್ಲಿ ಬಂತು, ಹಿಂದಿಯಲ್ಲೂ ಆಯಿತು. ಸಿನಿಮಾದ ನಾಯಕ ವಾಯುಪಡೆಯವನು. ನಿಜದವರು ಭೂಸೇನೆಯವರು. ವಿಮಾನ ಕಂಪನಿ ಕಟ್ಟುವವನು ವಾಯುಪಡೆಯಿಂದಲೇ ಬಂದಿರಬೇಕು ಎಂದು ಕತೆಗಾರರಿಗೆ ಅನ್ನಿಸಿದ್ದು ಸಹಜ. ಇದಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದಿದೆ. ಸಿನಿಮಾದಲ್ಲಿ ಜಾವಗಲ್ ಇಲ್ಲ. ಟೆಂಟು, ತೆಂಗಿನ ಸಸಿ, ಹುಳುಮನೆ, ಹಾಸನದ ಬುಲೆಟ್ ಅಂಗಡಿ ಯಾವುದೂ ಇಲ್ಲ. ಸಿನಿಮಾಕ್ಕೆ ಒಬ್ಬ ಖಳನಾಯಕ ಬೇಕು. ಉಜಿ ನೊಣಕ್ಕೂ ಬ್ಯಾಂಕಿನ ಸಾಲದ ಕಂತಿಗೂ ಆ ಪಾತ್ರ ಕೊಡುವ ನಿರ್ದೇಶಕರು ಇನ್ನೂ ಬಂದಿಲ್ಲ.